ಕಾಫಿ ತೋಟದ ಹುಡುಗಿಗೆ ಕಡಲ ತೀರದ ಓದು ಯಾಕೆ? ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ನಮಸ್ಕಾರ ಸರ್, ನಾವು ವಿರಾಜಪೇಟೆ ಹತ್ರ ಕಾಫಿ ಬೆಳೆಗಾರರು. ಮಗಳು ಪೊನ್ನಂಪೇಟೆ ಫಾರೆಸ್ಟ್ರಿ ಕಾಲೇಜಲ್ಲಿ ಬಿ.ಎಸ್ಸಿ ಮುಗಿಸಿದ್ದಾಳೆ. ಈಗ ಹವಾಯಿ ಯೂನಿವರ್ಸಿಟಿಗೆ ಹೋಗ್ತೀನಿ, ಅಲ್ಲಿ ಸೀ ಗ್ರಾಂಟ್ ಅಂತ ಇದೆ, ದ್ವೀಪದ ಕಡಲ ತೀರ ಕಾಪಾಡೋ ಕೆಲಸ ಅಂತ ಹಠ ಹಿಡಿದಿದ್ದಾಳೆ. ಸಮುದ್ರ ನೋಡ್ಬೇಕಂದ್ರೆ ಘಾಟಿ ಇಳೀಬೇಕು, ನಮಗ್ಯಾಕೆ ಅದು ಅಂತ ಮನೇಲಿ ಎಲ್ರೂ ನಗ್ತಾರೆ. ಅದು ಎನ್‌ಜಿಒನಾ, ಕೋರ್ಸಾ? ಕಳಿಸಬಹುದಾ?

ಉತ್ತರ: ಎನ್‌ಜಿಒನೂ ಅಲ್ಲ, ಕೋರ್ಸೂ ಅಲ್ಲ ಸರ್. ನಿಮಗೆ ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರ ಗೊತ್ತಲ್ವಾ, ಮೆಣಸಿಗೆ ರೋಗ ಬಂದ್ರೆ ಎಲೆ ಕಿತ್ಕೊಂಡು ಹೋಗಿ ತೋರಿಸ್ತೀರಿ, ಅವರು ನೋಡಿ ಹೇಳ್ತಾರೆ. ಸಮುದ್ರ ತೀರದಲ್ಲಿ ಇರೋರಿಗೆ ಹಂಗೆ ಕೇಳೋಕೆ ಒಂದು ಜಾಗ ಅಂತ ಇಟ್ಕೊಳ್ಳಿ. ಅಮೆರಿಕದಲ್ಲಿ 1862ರಲ್ಲೇ ಕೃಷಿಗೆ ಲ್ಯಾಂಡ್ ಗ್ರಾಂಟ್, ಅಂದ್ರೆ ಸರ್ಕಾರ ಕೊಟ್ಟ ಜಮೀನಿನ ಬಲದಲ್ಲಿ ನಡೆಯೋ ಕಾಲೇಜುಗಳು ಬಂದ್ವು, ನಮ್ಮ ಬೆಂಗಳೂರು ಕೃಷಿ ವಿವಿ 1964ರಲ್ಲಿ ಶುರುವಾಗಿದ್ದೂ ಅದೇ ಮಾದರೀಲಿ, ಟೆನ್ನೆಸ್ಸೀ ಯೂನಿವರ್ಸಿಟಿಯವರು ಕೈಜೋಡಿಸಿದ್ರು. ಭೂಮಿಗೆ ಇದ್ದ ಹಾಗೆ ಸಮುದ್ರಕ್ಕೂ ಇರಲಿ ಅಂತ 1963ರಲ್ಲಿ ಅಥೆಲ್‌ಸ್ಟನ್ ಸ್ಪಿಲ್‌ಹೌಸ್ ಅನ್ನೋ ವಿಜ್ಞಾನಿ ಹೇಳಿದ್ರು, 1966ರಲ್ಲಿ ಕಾಯ್ದೆನೇ ಆಯ್ತು. ಅದೇ ಸೀ ಗ್ರಾಂಟ್, ಈಗ ಅಂಥ 34 ಪ್ರೋಗ್ರಾಂ ಇವೆ, ಹವಾಯಿದು 1968ರಿಂದ ನಡೀತಿದೆ. ಫೆಡರಲ್ ಸರ್ಕಾರ 2 ಡಾಲರ್ ಕೊಟ್ರೆ 1 ಡಾಲರ್ ರಾಜ್ಯದಿಂದಲೋ ಬೇರೆ ಕಡೆಯಿಂದಲೋ ಹೊಂದಿಸಬೇಕು.

ರಿಸರ್ಚ್ ಎಲ್ಲಾ ಯೂನಿವರ್ಸಿಟೀಲೂ ಇರುತ್ತೆ ಬಿಡಿ, ಪೇಪರ್ ಬರೀತಾರೆ, ಪ್ರಮೋಷನ್ ಆಗುತ್ತೆ, ಅಲ್ಲಿಗೆ ಮುಗೀತು. ಇಲ್ಲಿ ನನಗೆ ಮುಖ್ಯ ಅನ್ಸೋದು ಅವರ ಎಕ್ಸ್‌ಟೆನ್ಷನ್ ಏಜೆಂಟ್‌ಗಳು, ಅಂದ್ರೆ ಜನರ ಹತ್ರ ಹೋಗಿ ಸಲಹೆ ಕೊಡೋರು. ಮಾವಿ, ಕವಾಯಿ ಥರದ ದ್ವೀಪಗಳಲ್ಲೇ ಮನೆ ಮಾಡ್ಕೊಂಡು ಇರ್ತಾರೆ, ಕೌಂಟಿ (ನಮ್ಮ ಜಿಲ್ಲೆ ಥರ) ಆಫೀಸಿಗೂ ಹೋಗ್ತಾರೆ, ಮೀನು ಹಿಡಿಯೋರ ಜೊತೆನೂ ಕೂರ್ತಾರೆ, ಹೋಟೆಲ್‌ನವರು ಕರೆದ್ರೂ ಹೋಗ್ತಾರೆ, ಆದ್ರೆ ಇವರ ಕೈಲಿ ನೋಟೀಸ್ ಕೊಡೋ ಪವರ್ ಇಲ್ಲ, ದಂಡ ಹಾಕೋ ಹಾಗಿಲ್ಲ, ಅದಕ್ಕೇ ಜನ ಬಾಯಿಬಿಟ್ಟು ಮಾತಾಡ್ತಾರೆ. ಅಧಿಕಾರ ಕೊಟ್ಟಿದ್ರೆ ಒಬ್ರೂ ಗೇಟ್ ತೆಗೀತಿರಲಿಲ್ಲ ಅಂತ ನನ್ನ ಅಭಿಪ್ರಾಯ.

ಇನ್ನು ಬೆಟ್ಟದ ಹುಡುಗಿಗೆ ಸಮುದ್ರ ಯಾಕೆ ಅನ್ನೋದು. ಹವಾಯಿ ಬರೀ ಬೀಚ್ ಅಲ್ಲ ಸರ್, ಕೋನಾ ಕಡೆ ಬೆಟ್ಟದ ಇಳಿಜಾರಲ್ಲಿ ಕಾಫಿ ಬೆಳೀತಾರೆ, ಕೆಳಗೆ ಹವಳದ ದಿಬ್ಬ. ಅಲ್ಲಿನ ಹಳೇ ಜನ ಜಮೀನು ಭಾಗ ಮಾಡ್ತಿದ್ದಿದ್ದೇ ಬೆಟ್ಟದ ತುದಿಯಿಂದ ಕಡಲವರೆಗೆ ಒಂದೇ ಪಟ್ಟಿ ಥರ, ಅಹುಪುವಾ ಅಂತಾರೆ. ಮೇಲೆ ಕಾಡು ಕಡಿದ್ರೆ ಕೆಳಗೆ ಮೀನಿಗೆ ಕಷ್ಟ ಅನ್ನೋದು ಅವರಿಗೆ ಆಗಲೇ ಗೊತ್ತಿತ್ತು.

ಒಂದು ಉದಾಹರಣೆ ಹೇಳ್ತೀನಿ. ಹವಾಯಿ ರಾಜ್ಯದಲ್ಲಿ 80 ಸಾವಿರಕ್ಕೂ ಹೆಚ್ಚು ಕಕ್ಕಸು ಗುಂಡಿ ಇವೆ, ನಮ್ಮ ತೋಟದ ಕೆಲಸಗಾರರ ಲೈನ್ ಮನೆಗಳ ಹಿಂದೆ ತೋಡಿರ್ತಾರಲ್ಲ ಹಾಗೇ, ತಳಕ್ಕೆ ಕಾಂಕ್ರೀಟ್ ಇಲ್ಲ ಏನಿಲ್ಲ. ಅಲ್ಲಿ ನೆಲ ಲಾವಾ ಕಲ್ಲು, ತೂತು ತೂತು, ಗುಂಡಿ ನೀರು ಸಲೀಸಾಗಿ ಜಿನುಗಿ ಅಂತರ್ಜಲಕ್ಕೆ ಸೇರಿ ಕಡಲಿಗೆ ಬರುತ್ತೆ, ಅದರಲ್ಲಿರೋ ನೈಟ್ರೋಜನ್ ತಿಂದು ಪಾಚಿ ಬೆಳೆದು ಹವಳದ ಮೇಲೆ ಕೂರುತ್ತೆ. 2050ರೊಳಗೆ ಇವೆಲ್ಲ ಬದಲಾಯಿಸಬೇಕು ಅಂತ 2017ರಲ್ಲಿ ಕಾನೂನು ಬಂತು. ಆದ್ರೆ ಯಾವುದು ಮೊದಲು? ಯಾವ ಊರಿನ ಗುಂಡಿಯಿಂದ ಹಾನಿ ಹೆಚ್ಚು ಅಂತ ಮ್ಯಾಪ್ ಮಾಡಿ ಆದ್ಯತೆ ಪಟ್ಟಿ ಕೊಟ್ಟಿದ್ದು ಸೀ ಗ್ರಾಂಟ್ ಮತ್ತು ಅದೇ ಯೂನಿವರ್ಸಿಟಿಯ ನೀರಿನ ರಿಸರ್ಚ್ ಸೆಂಟರ್‌ನವರು. ನಮ್ಮಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿದ ಪಲ್ಪರ್ ನೀರು ತೋಡಿಗೆ ಬಿಟ್ರೆ ಬರಪೊಳೆ ಸೇರಿ ವಳಪಟ್ಟಣಂ ಹೊಳೆಯಾಗಿ ಕಣ್ಣೂರು ಕಡೆ ಸಮುದ್ರಕ್ಕೇ ಹೋಗೋದು ತಾನೇ. ಹಾಗಾಗಿ ಮಣ್ಣು, ಕಾಡು, ಇಳಿಜಾರು ಓದಿದ ನಿಮ್ಮ ಮಗಳು ಅಲ್ಲಿಗೆ ತಪ್ಪು ಆಯ್ಕೆ ಏನಲ್ಲ.

ಕಳಿಸೋ ಮುಂಚೆ ಎರಡು ಮಾತು. ಸೀ ಗ್ರಾಂಟ್ ಅಂತ ಡಿಗ್ರಿ ಕೊಡಲ್ಲ, ಜಿಯಾಗ್ರಫಿನೋ ಓಷನಾಗ್ರಫಿನೋ ಪ್ಲಾನಿಂಗೋ ಯಾವುದಾದ್ರೂ ಡಿಪಾರ್ಟ್‌ಮೆಂಟಿಗೆ ಸೇರಿ, ಇವರ ಪ್ರಾಜೆಕ್ಟ್ ಇರೋ ಪ್ರೊಫೆಸರ್ ಕೈಕೆಳಗೆ ಕೆಲಸ ಮಾಡ್ಬೇಕು. ಅದಕ್ಕೆ ಅರ್ಜಿ ಹಾಕೋ ಮೊದಲೇ ಪ್ರೊಫೆಸರಿಗೆ ಮೇಲ್ ಬರೆದು ಫಂಡ್ ಇದ್ಯಾ ಅಂತ ಕೇಳಿಸಿ. ಸರ್ಕಾರಿ ದುಡ್ಡು ಬೇರೆ, 2017ರ ಬಜೆಟ್ ಪ್ರಸ್ತಾವನೇಲಿ ಈ ಪ್ರೋಗ್ರಾಂನೇ ನಿಲ್ಲಿಸೋ ಮಾತಿತ್ತು, ಅಲ್ಲಿನ ಸಂಸತ್ತು (ಕಾಂಗ್ರೆಸ್) ಹಣ ಕೊಟ್ಟು ಉಳಿಸ್ತು. ಸಾಲ ಮಾಡಿ ಕಣ್ಮುಚ್ಚಿ ಕಳಿಸೋದು ಬೇಡ. ಮಂಗಳೂರಿನ ಮೀನುಗಾರಿಕೆ ಕಾಲೇಜು, ಮಂಗಳೂರು ವಿವಿಯ ಮರೈನ್ ಜಿಯಾಲಜಿ, ಕೊಚ್ಚಿಯ ಸಿಎಂಎಫ್‌ಆರ್‌ಐ (ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ), ಇವನ್ನೂ ಒಂದ್ಸಲ ನೋಡಿ ಬರಲಿ.

ಪ್ರಶ್ನೆ: ಸೋಮವಾರಪೇಟೆಯಿಂದ ಬರೀತಿದ್ದೀನಿ. ನಮ್ಮ ಅಕ್ಕನ ಮನೆ ಉಳ್ಳಾಲದಲ್ಲಿ, ಮಳೆಗಾಲ ಬಂದ್ರೆ ಸಮುದ್ರ ಕೊರೆಯೋ ಭಯ. ಕಲ್ಲು ಹಾಕ್ಸಿ ಅಂತ ಎಲ್ರೂ ಕೇಳ್ತಾರೆ. ಹವಾಯಿ ದ್ವೀಪದವರು ಏನ್ ಮಾಡ್ತಾರೆ?

ಉತ್ತರ: ಅವರೂ ಮೊದಲು ಗೋಡೆನೇ ಕಟ್ಟಿದ್ರು. ಗೋಡೆಗೆ ಬಡಿದ ಅಲೆ ವಾಪಸ್ ಬರುವಾಗ ಮುಂದಿನ ಮರಳನ್ನ ಎಳ್ಕೊಂಡು ಹೋಗುತ್ತೆ, ಹಿಂದಿನ ದಿಬ್ಬದ ಮರಳು ಗೋಡೆ ಹಿಂದೆ ಸಿಕ್ಕಿಕೊಂಡು ತೀರಕ್ಕೆ ಬರಲ್ಲ, ಮನೆ ಉಳೀತು ಅನ್ನೋಷ್ಟರಲ್ಲಿ ಬೀಚ್ ಹೋಯ್ತು, ಪಕ್ಕದ ಮನೆಯವರ ಅಂಗಳಕ್ಕೂ ಕಂಟಕ. 2012ರಲ್ಲಿ ಬಂದ ಅಧ್ಯಯನ ಪ್ರಕಾರ ಕವಾಯಿ, ಓವಾಹು, ಮಾವಿ ಮೂರು ದ್ವೀಪದಲ್ಲಿ 70% ಬೀಚ್ ಸವೀತಾ ಇದೆ. ಹಳೇ ವಿಮಾನ ಫೋಟೋ, ಹೊಸ ಫೋಟೋ ಒಂದರ ಮೇಲೊಂದು ಇಟ್ಟು ವರ್ಷಕ್ಕೆ ಎಷ್ಟು ಅಡಿ ಹೋಗ್ತಿದೆ ಅಂತ ಯೂನಿವರ್ಸಿಟಿಯವರು ಲೆಕ್ಕ ತೆಗೆದ್ರು. ಕವಾಯಿಯಲ್ಲಿ ಅದನ್ನೇ ಕಾನೂನಿಗೆ ತಂದ್ರು. ಹೊಸ ಮನೆ ಕಟ್ಟೋದಾದ್ರೆ 70 ವರ್ಷದ ಸವೆತ ಲೆಕ್ಕ ಹಾಕಿ, ಅದರ ಮೇಲೆ ಇನ್ನೊಂದಿಷ್ಟು ಅಡಿ ಬಿಟ್ಟು ಹಿಂದೆ ಕಟ್ಟಬೇಕು.

ಆದ್ರೆ ಇದು ಹೊಸ ಮನೆಗೆ. ಆಗಲೇ ಇರೋ ಮನೆಗೆ ಅಲ್ಲೂ ಸುಲಭದ ದಾರಿ ಸಿಕ್ಕಿಲ್ಲ, ಜಗಳ ನಡೀತಾನೇ ಇದೆ. ಉಳ್ಳಾಲದಲ್ಲಿ ನೇತ್ರಾವತಿ ಅಳಿವೆ ಬಾಗಿಲಿನ ಬ್ರೇಕ್‌ವಾಟರ್ (ಅಲೆ ತಡೆಯೋ ಗೋಡೆ), ಎಡಿಬಿ ಅಂದ್ರೆ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್ ಸಾಲದಲ್ಲಿ ಕಡಲೊಳಗೆ ಅಲೆಯ ಜೋರು ತಗ್ಗಿಸೋಕೆ ಕಟ್ಟಿದ ರೀಫ್, ಎಲ್ಲಾ ಸೇರಿ ಮರಳಿನ ಓಡಾಟವನ್ನ ನಿರ್ಧರಿಸುತ್ತೆ, ಹಂಗಾಗಿ ಒಬ್ಬರ ಮನೆ ಮುಂದೆ ಕಲ್ಲು ಸುರಿದ್ರೆ ಪರಿಹಾರ ಆಗಲ್ಲ. ಅಕ್ಕನವರಿಗೆ ಹೇಳಿ, ಮಳೆಗಾಲಕ್ಕೆ ಮುಂಚೆ, ಆಮೇಲೆ, ಒಂದೇ ಜಾಗದಲ್ಲಿ ನಿಂತು ಫೋಟೋ ತೆಗೆದು ತಾರೀಖು ಹಾಕಿ ಇಟ್ಕೊಳ್ಳಲಿ. ಹವಾಯಿಯಲ್ಲಿ ದೊಡ್ಡ ಉಬ್ಬರದ ದಿನ ಜನರ ಕೈಲೇ ಹಿಂಗೆ ಫೋಟೋ ತೆಗೆಸ್ತಾರೆ. ಅರ್ಜಿ ಜೊತೆ ಫೋಟೋ ಇದ್ರೆ ಇಂಜಿನಿಯರ್ ಕೂಡ ಕೂತು ನೋಡ್ತಾರೆ.

ಪ್ರಶ್ನೆ: ಹವಾಯಿಯಲ್ಲಿ ಸನ್‌ಸ್ಕ್ರೀನ್ ಬ್ಯಾನ್ ಅಂತ ಕೇಳಿದೆ, ನಿಜಾನಾ? (ಮಡಿಕೇರಿ)

ಉತ್ತರ: ಎಲ್ಲಾ ಸನ್‌ಸ್ಕ್ರೀನ್ ಅಲ್ಲ. ಆಕ್ಸಿಬೆನ್‌ಝೋನ್, ಆಕ್ಟಿನಾಕ್ಸೇಟ್ ಅನ್ನೋ ರಾಸಾಯನಿಕ ಇರೋದನ್ನ ಮಾರೋ ಹಾಗಿಲ್ಲ, 2021 ಜನವರಿಯಿಂದ ಜಾರಿ. ಹವಳಕ್ಕೆ ತೊಂದರೆ ಅಂತ ಕಾರಣ ಕೊಟ್ಟಿದ್ದಾರೆ. ನೀವು ಹೋಗೋದಾದ್ರೆ ಝಿಂಕ್ ಆಕ್ಸೈಡ್ ಇರೋದು ತಗೊಳ್ಳಿ, ಅದಕ್ಕಿಂತ ತುಂಬು ತೋಳಿನ ಅಂಗಿ ವಾಸಿ. ಓವಾಹು ದ್ವೀಪದ ಹನೌಮಾ ಬೇ ಅನ್ನೋ ಕೊಲ್ಲಿಗೆ ಹೋದ್ರೆ ನೀರಿಗೆ ಇಳಿಯೋ ಮುಂಚೆ ಒಂದು ವಿಡಿಯೋ ನೋಡಲೇಬೇಕು, ಹವಳದ ಮೇಲೆ ಕಾಲಿಡಬೇಡಿ ಅಂತೆಲ್ಲ ಹೇಳಿಕೊಡ್ತಾರೆ. ಅಲ್ಲಿನ ಶಿಕ್ಷಣ ಕಾರ್ಯಕ್ರಮ ನಡೆಸೋದೂ ಇದೇ ಸೀ ಗ್ರಾಂಟ್‌ನವರೇ.