ಅಮೆರಿಕದಲ್ಲಿ ಡಿಒ ಸೀಟು ಸಿಕ್ಕಿದೆ. ಒಪ್ಪಿಕೊಳ್ಳಲಾ, ಇನ್ನೊಂದು ವರ್ಷ ಕಾದು ಎಂಡಿಗೆ ಪ್ರಯತ್ನಿಸಲಾ?

ಒಪ್ಪಿಕೊಳ್ಳಿ. ಮುಂದಿನ ವರ್ಷ ಎಂಡಿ (ಅಮೆರಿಕದಲ್ಲಿ ಇದು ನಮ್ಮ ಎಂಬಿಬಿಎಸ್‌ನಂಥ ಮೊದಲ ಡಾಕ್ಟರ್ ಪದವಿ) ಸೀಟು ಸಿಕ್ಕೇ ಸಿಗುತ್ತದೆ ಅನ್ನುವ ಖಾತ್ರಿ ಯಾರಿಗೂ ಇಲ್ಲ. ಡಿಒ, ಅಂದರೆ ಆಸ್ಟಿಯೋಪಥಿಕ್ (ಮಾಮೂಲಿ ವೈದ್ಯಕೀಯದ ಜೊತೆ ಮೂಳೆ-ಸ್ನಾಯುಗಳಿಗೆ ಕೈಯಿಂದ ಮಾಡುವ ಚಿಕಿತ್ಸೆಯನ್ನೂ ಕಲಿಸುವ) ಕಾಲೇಜಿನ ಪದವಿ ಪಡೆದವರು ಅಲ್ಲಿ ಎಂಡಿಗಳಷ್ಟೇ ಪೂರ್ಣ ಪ್ರಮಾಣದ ಡಾಕ್ಟರು. 2020ರಿಂದ ಇಬ್ಬರಿಗೂ ರೆಸಿಡೆನ್ಸಿ, ಅಂದರೆ ಪದವಿಯ ನಂತರ ಆಸ್ಪತ್ರೆಯಲ್ಲಿ ಪಡೆಯುವ ತಜ್ಞ ತರಬೇತಿಯ ವ್ಯವಸ್ಥೆ ಒಂದೇ. 2024ರ ಮ್ಯಾಚ್‌ನಲ್ಲಿ (ರೆಸಿಡೆನ್ಸಿ ಸೀಟು ಹಂಚಿಕೆಯಲ್ಲಿ) ಕೊನೆಯ ವರ್ಷದ ಡಿಒಗಳಲ್ಲಿ ಶೇ 92.3, ಎಂಡಿಗಳಲ್ಲಿ ಶೇ 93.5 ಮಂದಿಗೆ ಜಾಗ ಸಿಕ್ಕಿತು.

ಫ್ಯಾಮಿಲಿ ಮೆಡಿಸಿನ್, ಮಕ್ಕಳ ವಿಭಾಗಕ್ಕೆ ಚಿಂತೆ ಬೇಡ. ಕಷ್ಟ ಇರುವುದು ನ್ಯೂರೋಸರ್ಜರಿ, ಚರ್ಮರೋಗ, ಪ್ಲಾಸ್ಟಿಕ್ ಸರ್ಜರಿಯಲ್ಲಿ. ಯಾಕೆಂದರೆ ಬಹಳಷ್ಟು ಡಿಒ ಕಾಲೇಜುಗಳಿಗೆ ಸ್ವಂತ ದೊಡ್ಡ ಆಸ್ಪತ್ರೆ ಇಲ್ಲ. ಮೂರನೇ ವರ್ಷದಿಂದ ವಿದ್ಯಾರ್ಥಿಗಳನ್ನು ಬೇರೆ ಬೇರೆ ಊರಿನ ಆಸ್ಪತ್ರೆಗಳಿಗೆ ಕಳಿಸುತ್ತಾರೆ. ಅಲ್ಲಿ ನ್ಯೂರೋಸರ್ಜರಿ ವಿಭಾಗವೇ ಇಲ್ಲದಿದ್ದರೆ ನಿಮ್ಮ ಕೆಲಸ ನೋಡಿ ಶಿಫಾರಸು ಪತ್ರ ಕೊಡುವವರು ಯಾರು? ರಿಸರ್ಚ್‌ಗೆ ಸೇರಿಸಿಕೊಳ್ಳುವವರು ಯಾರು?

ಎರಡು ಡಿಒ ಕಾಲೇಜು ಕರೆದಿದ್ದರೆ ಸುಮ್ನೆ ಹೆಸರು ನೋಡಬೇಡಿ. ಯಾವ ಆಸ್ಪತ್ರೆಗೆ ಕಳಿಸುತ್ತೀರಿ, ಅಲ್ಲಿ ರೆಸಿಡೆಂಟ್‌ಗಳು ಇದ್ದಾರಾ ಅಂತ ನೇರವಾಗಿ ಕೇಳಿ. ಪೈಪೋಟಿ ಜಾಸ್ತಿ ಇರುವ ವಿಭಾಗ ಬೇಕಿದ್ದರೆ, ಡಿಒಗಳ ಲೈಸೆನ್ಸ್ ಪರೀಕ್ಷೆಯಾದ ಕಾಮ್ಲೆಕ್ಸ್ ಜೊತೆ, ಎಂಡಿಗಳು ಬರೆಯುವ ಲೈಸೆನ್ಸ್ ಪರೀಕ್ಷೆ ಯುಎಸ್‌ಎಂಎಲ್‌ಇಯ ಸ್ಟೆಪ್ 2 (ಎರಡನೇ ಹಂತ) ಕೂಡ ಬರೆಯಿರಿ. 2022ರಿಂದ ಸ್ಟೆಪ್ 1ಕ್ಕೆ ಅಂಕಗಳಿಲ್ಲ, ಬರೀ ಪಾಸ್-ಫೇಲ್; ಹಾಗಾಗಿ ತೋರಿಸಲು ಇರುವುದು ಸ್ಟೆಪ್ 2ರ ಅಂಕ.