ಸ್ಟಾಫರ್ಡ್‌ಶೈರ್ ನಾಯಿ ಗೊಂಬೆ (ಅಲಂಕಾರಕ್ಕಿಡುವ ಸುಟ್ಟ ಮಣ್ಣಿನ ನಾಯಿ) ನಿಜವಾಗಿಯೂ ಹಳೆಯದೇ ಅಂತ ತಿಳಿಯುವುದು ಹೇಗೆ?

ಮೊದಲು ಗೊಂಬೆಯನ್ನು ತಿರುಗಿಸಿ ತಳ ನೋಡಿ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ (1837–1901) ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ನ ಕುಂಬಾರರು ಇವನ್ನು ಹೆಚ್ಚಾಗಿ ಮೆತ್ತನೆ ಜೇಡಿಮಣ್ಣನ್ನು ಅಚ್ಚಿಗೆ ಕೈಯಿಂದ ಒತ್ತಿ ಮಾಡುತ್ತಿದ್ದರು. ಹಾಗಾಗಿ ಗೊಂಬೆಯ ಮಣ್ಣಿನ ಗೋಡೆ ದಪ್ಪ, ತೂಕವೂ ಜಾಸ್ತಿ. ಸುಡುವಾಗ ಗಾಳಿ ಹೋಗಲು ಒಂದು ಪುಟ್ಟ ತೂತು ಮಾತ್ರ ಇರುತ್ತದೆ. ಈಚಿನ ನಕಲುಗಳಿಗೆ ನೀರಾದ ಮಣ್ಣನ್ನು ಅಚ್ಚಿಗೆ ಸುರಿಯುತ್ತಾರೆ. ಮಿಕ್ಕಿದ್ದನ್ನು ಹೊರಗೆ ಚೆಲ್ಲಬೇಕಲ್ವಾ? ಅದಕ್ಕೇ ತಳದಲ್ಲಿ ಸಾಮಾನ್ಯವಾಗಿ ಬೆರಳು ತೂರುವಷ್ಟು ದೊಡ್ಡ ತೂತು. ನನಗೆ ಇದೇ ಎಲ್ಲಕ್ಕಿಂತ ಒಳ್ಳೆಯ ಗುರುತು.

ಗ್ಲೇಜ್ (ಮೇಲಿನ ಗಾಜಿನಂಥ ಹೊಳಪು ಲೇಪ) ಮೇಲಿನ ಸಣ್ಣ ಬಿರುಕು ನೋಡಿ ಸುಮ್ನೆ ಮರುಳಾಗಬೇಡಿ. ಬೇಕೆಂದೇ ಬಿರುಕು ಬರಿಸಿ ಕಂದು ಬಣ್ಣ ಹಚ್ಚುವವರಿದ್ದಾರೆ. ಮೈತುಂಬಾ ಒಂದೇ ಸಮ ಬಿರುಕಿದ್ದರೆ ಅನುಮಾನಪಡಿ. ಚಿನ್ನದ ಬಣ್ಣ ಕನ್ನಡಿಯಂತೆ ಹೊಳೆದರೆ 19ನೇ ಶತಮಾನದ ಕೊನೆಯದು ಅಥವಾ ಆಮೇಲಿನದು. ಅದಕ್ಕೂ ಹಿಂದಿನ ಚಿನ್ನ ಮಂದವಾಗಿ, ಅಲ್ಲಲ್ಲಿ ಸವೆದಿರುತ್ತದೆ.

ಬೆನ್ನು ಚಪ್ಪಟೆ, ಬಣ್ಣವಿಲ್ಲ ಅಂತ ಗಾಬರಿ ಬೇಡ. ಬೆಂಕಿಗೂಡಿನ ಮೇಲೆ ಗೋಡೆಗೆ ಒತ್ತಿ ಇಡುತ್ತಿದ್ದ ಗೊಂಬೆಗಳಿವು, ಹಿಂಭಾಗ ಯಾರಿಗೆ ಕಾಣಬೇಕು? ತಯಾರಕರ ಮುದ್ರೆಯೂ ಹೆಚ್ಚಿನವುಗಳಲ್ಲಿ ಇರುವುದಿಲ್ಲ.