ಕೇಪಿನ ರೈಫಲ್‌ಗೆ ಮೊದಲು ಏನೇನು ಬೇಕು: ಕಿಟ್ ತಗೋಬೇಡಿ ಅನ್ನೋದು ನನ್ನ ಮಾತು

ನಿಮ್ಮ ಪ್ರಶ್ನೆ ಓದಿದೆ. 50 ಕ್ಯಾಲಿಬರಿನ ಹಾಕನ್ ಮಾದರಿ (ಹಳೆ ಕಾಲದ ಅಮೆರಿಕನ್ ಶೈಲಿಯ) ರೈಫಲ್ ಸೆಕೆಂಡ್ ಹ್ಯಾಂಡ್ ಸಿಕ್ಕಿದೆ, ನಳಿಗೆಯ ಬಾಯಿಯಿಂದ ಮದ್ದು ತುಂಬಿ ಕೇಪು (ಹ್ಯಾಮರ್ ಬಿದ್ದಾಗ ಕಿಡಿ ಕೊಡುವ ಸಣ್ಣ ಲೋಹದ ಟೋಪಿ) ಇಟ್ಟು ಹೊಡೆಯೋದು, ಅಂಗಡಿಯವನು ಇಪ್ಪತ್ತು ಸಾಮಾನಿರುವ ಕಿಟ್ ತೋರಿಸಿದ್ದಾನೆ, ತಗೊಳ್ಳಲಾ ಬೇಡ್ವಾ ಅಂತ ಕೇಳಿದ್ದೀರಿ. ಬೇಡ. ನಾನು ಒಹಾಯೋಗೆ ಬಂದ ಹೊಸದರಲ್ಲಿ ಅಂಥದ್ದೇ ಒಂದು ಕಿಟ್ ತಗೊಂಡೆ. ಅದರ ಅರ್ಧ ಸಾಮಾನು ಇವತ್ತಿಗೂ ಗ್ಯಾರೇಜಿನ ಡಬ್ಬದಲ್ಲಿ ಕೂತಿದೆ. ಬೇಕಾಗಿದ್ದ ಎರಡು ಸಾಮಾನು ಮಾತ್ರ ಅದರಲ್ಲಿ ಇರಲೇ ಇಲ್ಲ!

ಏನಾದರೂ ಕೊಳ್ಳುವ ಮುಂಚೆ ಒಂದು ಕೆಲಸ ಮಾಡಿ. ಕೈಗೆ ಬಂದ ಕೋವಿ ಖಾಲಿ ಇದೆ ಅಂತ ನಂಬಬೇಡಿ. ಹಳೆ ಮಜಲ್ ಲೋಡರ್‌ಗಳು, ಅಂದರೆ ಹೀಗೆ ಬಾಯಿಯಿಂದ ತುಂಬುವ ಕೋವಿಗಳು, ಎಷ್ಟೋ ಸಲ ಮದ್ದು ಗುಂಡು ತುಂಬಿಕೊಂಡೇ ಮಾರಾಟಕ್ಕೆ ಬರುತ್ತವೆ. ಹ್ಯಾಮರ್ ಕೆಳಗೆ ಕೇಪು ಇಲ್ಲ ಅಂತ ಮೊದಲು ನೋಡಿ. ಆಮೇಲೆ ನಳಿಗೆಯೊಳಗೆ ಗಜ (ಗುಂಡನ್ನು ಒಳಗೆ ಒತ್ತುವ ಉದ್ದ ಕೋಲು) ಇಳಿಸಿ, ಅದು ತಳ ಮುಟ್ಟಿದಾಗ ಬಾಯಿಯ ಮಟ್ಟಕ್ಕೆ ಗಜದ ಮೇಲೆ ಬೆರಳಿಟ್ಟು ಹೊರಗೆ ತೆಗೆದು, ನಳಿಗೆಯ ಪಕ್ಕದಲ್ಲೇ ಉದ್ದಕ್ಕೆ ಹಿಡಿದು ನೋಡಿ. ತುದಿ ನಿಪ್ಪಲ್, ಅಂದರೆ ಕೇಪು ಕೂರುವ ಸಣ್ಣ ಕೊಳವೆಯ ಹತ್ತಿರದವರೆಗೆ ಬರಬೇಕು. ಒಂದೆರಡು ಇಂಚು ಮೊದಲೇ ನಿಂತರೆ ಒಳಗೆ ಏನೋ ಇದೆ. ಆಗ ನೀವೇ ಏನೂ ಮಾಡಲು ಹೋಗಬೇಡಿ, ತಿಳಿದವರ ಹತ್ತಿರ ಒಯ್ಯಿರಿ.

ಇನ್ನು ಸಾಮಾನಿಗೆ ಬರೋಣ. ನನ್ನ ಲೆಕ್ಕದಲ್ಲಿ ಮೊದಲನೆಯದು ಗಜ. ಕೋವಿಯ ಜೊತೆ ಬರುವ ಮರದ ಗಜ ನೋಡಲು ಚೆಂದ, ಆದರೆ ಮರದ ಎಳೆ ನೇರ ಇಲ್ಲದಿದ್ದರೆ ಒಂದು ದಿನ ಓರೆಯಾಗಿ ಸೀಳಿ ಅಂಗೈಗೆ ನುಗ್ಗುತ್ತದೆ. ರೇಂಜಿನಲ್ಲಿ ಅಭ್ಯಾಸ ಮಾಡಲು ಬೇರೆ ಒಂದು ಗಟ್ಟಿ ಗಜ ತಗೊಳ್ಳಿ, ಹಿತ್ತಾಳೆಯದೋ ಸ್ಟೀಲಿನದೋ. ಅದರ ಜೊತೆ ಬಾಯಿಯ ಹತ್ತಿರ ಕೂರುವ ಗಾರ್ಡ್ ಇರಲಿ, ಇಲ್ಲದಿದ್ದರೆ ಗಜ ಉಜ್ಜಿ ಉಜ್ಜಿ ನಳಿಗೆಯ ಬಾಯಿ ಸವೆಯುತ್ತದೆ. ಯಾವ ಗಜ ಆದರೂ ನಳಿಗೆಯ ಬಾಯಿಯಿಂದ ಒಂದು ಗೇಣು ಮೇಲೆ ಹಿಡಿದು ಸ್ವಲ್ಪ ಸ್ವಲ್ಪವೇ ಒತ್ತಿ. ತುದಿಯಲ್ಲಿ ಹಿಡಿದು ಜಗ್ಗಾಡಬೇಡಿ.

ಎರಡನೆಯದು ಮದ್ದಿನ ಅಳತೆ. ಹಿತ್ತಾಳೆಯ, ಹೆಚ್ಚು ಕಡಿಮೆ ಮಾಡಬಹುದಾದ ಸಣ್ಣ ಅಳತೆ ಕೊಳವೆ ಸಿಗುತ್ತದೆ, ದುಬಾರಿ ಏನಲ್ಲ. ಮದ್ದು ತುಂಬಿಡುವ ಕೊಂಬಿನಿಂದಾಗಲಿ ಡಬ್ಬಿಯಿಂದಾಗಲಿ ನೇರ ನಳಿಗೆಗೆ ಯಾವತ್ತೂ ಸುರಿಯಬೇಡಿ. ಹಿಂದಿನ ಗುಂಡಿನ ಕಿಡಿ ಒಳಗೆ ಉಳಿದಿದ್ದರೆ ಕೈಯಲ್ಲಿರುವ ಡಬ್ಬಿಯೇ ಬಾಂಬ್ ಆಗುತ್ತದೆ. ಅಳತೆಗೆ ಹಾಕಿ, ಡಬ್ಬಿ ಮುಚ್ಚಿ ದೂರ ಇಟ್ಟು, ಆಮೇಲೆ ನಳಿಗೆಗೆ. ಇನ್ನೊಂದು, ಅದರ ಮೇಲೆ ಇರುವ ಸಂಖ್ಯೆ ಗ್ರೇನ್, ಗ್ರಾಂ ಅಲ್ಲ! ನಮ್ಮವರು ಇಲ್ಲೇ ಎಡವುತ್ತಾರೆ. ಒಂದು ಗ್ರಾಮಿಗೆ ಸುಮಾರು 15.4 ಗ್ರೇನ್. 50 ಗ್ರೇನ್ ಅಂದರೆ ಮೂರು ಗ್ರಾಂಗೆ ಸ್ವಲ್ಪ ಜಾಸ್ತಿ, ಅಷ್ಟೇ. ಪೇಪರ್ ಗುರಿಗೆ 50 ಕ್ಯಾಲಿಬರಿನಲ್ಲಿ ಜನ ಸಾಮಾನ್ಯವಾಗಿ ಅಷ್ಟರ ಆಸುಪಾಸಿನಿಂದಲೇ ಶುರು ಮಾಡುತ್ತಾರೆ. ಮೇಲಿನ ಮಿತಿಗೆ ನಿಮ್ಮ ಕೋವಿಯ ಕೈಪಿಡಿಯೇ ಪ್ರಮಾಣ, ನಾನಲ್ಲ. ಒಂದು ಪೌಂಡ್ ಡಬ್ಬಿಯಲ್ಲಿ 7000 ಗ್ರೇನ್ ಇರುತ್ತದೆ, 50ರ ಲೆಕ್ಕದಲ್ಲಿ 140 ಗುಂಡು. ಹಾಗಾಗಿ ಮೊದಲಿಗೆ ಒಂದೇ ಡಬ್ಬಿ ಸಾಕು.

ಮದ್ದಿನ ಕಾಳಿನ ವಿಷಯದಲ್ಲಿ ಎರಡು ಎಫ್, ಮೂರು ಎಫ್ ಅಂತ ಡಬ್ಬಿ ಮೇಲೆ ಬರೆದಿರುತ್ತದೆ. ಎಫ್ ಜಾಸ್ತಿ ಆದಷ್ಟೂ ಕಾಳು ಸಣ್ಣ. ನಿಮ್ಮ 50ಕ್ಕೆ ಎರಡು ಎಫ್‌ನಿಂದ ಶುರು ಮಾಡಿ. ಅಸಲಿ ಕಪ್ಪು ಮದ್ದು ಹತ್ತಿರ ಸಿಗದಿದ್ದರೆ ಪೈರೋಡೆಕ್ಸ್ ತರಹದ ಬದಲಿ ಮದ್ದು ಕೇಪಿನ ಕೋವಿಗೆ ನಡೆಯುತ್ತದೆ, ಆದರೆ ಅದನ್ನು ಇದೇ ಅಳತೆಯಲ್ಲಿ ಅಳೆಯಬೇಕು, ತಕ್ಕಡಿಯಲ್ಲಿ ತೂಗಬಾರದು. ಇನ್ನು ಈಗಿನ ಕಾಟ್ರಿಜ್ ಬಂದೂಕಿನ ಹೊಗೆಯಿಲ್ಲದ ಮದ್ದು, ಸ್ಮೋಕ್‌ಲೆಸ್ ಅಂತಾರಲ್ಲ, ಅದು ಒಂದು ಚಿಟಿಕೆಯೂ ಬೇಡ. ನಳಿಗೆ ಸಿಡಿದು ಕೈ ಹೋಗುತ್ತದೆ.

ಈಗ ಗುಂಡು ಮತ್ತು ಬಟ್ಟೆ. ಗುರಿ ಕೂರುವುದು ಬಿಡುವುದು ನಿಂತಿರುವುದು ಇದರ ಮೇಲೆಯೇ, ಜನ ಮಾತ್ರ ಕೊಂಬು, ಚರ್ಮದ ಚೀಲಕ್ಕೆ ದುಡ್ಡು ಸುರಿಯುತ್ತಾರೆ. 50 ಕ್ಯಾಲಿಬರ್ ಅಂದರೆ ನಳಿಗೆ 0.50 ಇಂಚು, ಗುಂಡು ಅದಕ್ಕಿಂತ ಸಣ್ಣದು, 0.490. ಮಧ್ಯದ ಸಂದನ್ನು ತುಂಬುವುದು ಎಣ್ಣೆ ಸವರಿದ ಬಟ್ಟೆ ತುಂಡು, ಅಂದರೆ ಪ್ಯಾಚ್. ರೈಫ್ಲಿಂಗಿನ, ಅಂದರೆ ನಳಿಗೆಯೊಳಗಿನ ಸುರುಳಿ ಗೀರುಗಳ, ತಿರುಚನ್ನು ಹಿಡಿದುಕೊಂಡು ಗುಂಡನ್ನು ತಿರುಗಿಸುವುದೂ ಅದೇ. 0.015 ಇಂಚು ದಪ್ಪದ್ದರಿಂದ ಶುರು ಮಾಡಿ. ಬಟ್ಟೆ ನೂರಕ್ಕೆ ನೂರು ಹತ್ತಿ ಇರಬೇಕು. ಪಾಲಿಯೆಸ್ಟರ್ ಸೇರಿದ್ದರೆ ಕರಗಿ ನಳಿಗೆಗೆ ಅಂಟುತ್ತದೆ. ನಾನು ಒಮ್ಮೆ ಜಾಣತನ ಮಾಡಿ ಅಪ್ಪನ ಹಳೆ ಪಂಚೆ ಹರಿದು ಪ್ಯಾಚ್ ಮಾಡಿದೆ. ಹತ್ತಿಯೇನೋ ಹೌದು, ಆದರೆ ತೀರಾ ತೆಳು. ಹೊಡೆದ ಮೇಲೆ ಮುಂದೆ ಹೋಗಿ ಹೆಕ್ಕಿದರೆ ಎಲ್ಲದರಲ್ಲೂ ಮಧ್ಯಕ್ಕೆ ತೂತು, ಗುಂಡು ಒಂದೊಂದು ಒಂದೊಂದು ದಿಕ್ಕಿಗೆ. ರೇಂಜ್ ನಿಲ್ಲಿಸಿದಾಗ ನೀವೂ ಹೋಗಿ ಪ್ಯಾಚ್ ಹೆಕ್ಕಿ ನೋಡಿ. ಮಧ್ಯೆ ದುಂಡಗೆ ಮಸಿ, ಅಂಚು ಸ್ವಲ್ಪ ಬಿಚ್ಚಿಕೊಂಡಿದ್ದರೆ ಸರಿ ಇದೆ. ಮಧ್ಯೆ ಸುಟ್ಟಿದ್ದರೆ ಬಟ್ಟೆ ತೆಳು ಅಥವಾ ಎಣ್ಣೆ ಸಾಲದು. ಬ್ಲೇಡಿನಲ್ಲಿ ಕೊಯ್ದ ಹಾಗಿದ್ದರೆ ನಳಿಗೆಯ ಅಂಚು ಹರಿತ ಇದೆ. ಎಣ್ಣೆ ಅಂದರೆ ಗಿಡದ್ದೋ ಪ್ರಾಣಿಯದೋ ಕೊಬ್ಬು, ಜೇನುಮೇಣ ಸೇರಿಸಿದ್ದು ಕೂಡ ಆಗುತ್ತದೆ. ಗಾಡಿಯ ಎಣ್ಣೆ ಹಾಕಬೇಡಿ, ಮಸಿ ಜೊತೆ ಸೇರಿ ಡಾಂಬರು ಆಗುತ್ತದೆ.

ಬಿಗಿ ಪ್ಯಾಚ್ ಆದ್ದರಿಂದ ಗುಂಡನ್ನು ಬಾಯಿಯೊಳಗೆ ಕೂರಿಸಲು ಶಾರ್ಟ್ ಸ್ಟಾರ್ಟರ್ ಬೇಕೇ ಬೇಕು. ಮರದ ಉಂಡೆಗೆ ಎರಡು ಗೂಟ ಇರುವ ಸಾಮಾನು. ಸಣ್ಣ ಗೂಟದಿಂದ ಒಂದು ಗುದ್ದು, ಉದ್ದದ್ದರಿಂದ ಇನ್ನೊಂದು, ಆಮೇಲೆ ಗಜ. ಗುಂಡು ಮದ್ದಿನ ಮೇಲೆ ಸರಿಯಾಗಿ ಕೂತ ಮೇಲೆ ಗಜದ ಮೇಲೆ ಬಾಯಿ ಮಟ್ಟಕ್ಕೆ ಒಂದು ಗೆರೆ ಹಾಕಿಡಿ. ಪ್ರತಿ ಸಲ ಆ ಗೆರೆ ಬರಬೇಕು. ಗುಂಡು ಅರ್ಧದಲ್ಲಿ ನಿಂತು ಕೆಳಗೆ ಖಾಲಿ ಜಾಗ ಉಳಿದರೆ ನಳಿಗೆ ಉಬ್ಬಬಹುದು, ಒಡೆಯಲೂಬಹುದು.

ಕಿಟ್‌ನಲ್ಲಿ ಇರಲಿಲ್ಲ ಅಂದೆನಲ್ಲ, ಆ ಎರಡು ಸಾಮಾನು ನಿಪ್ಪಲ್ ಬಿಚ್ಚುವ ಸ್ಪ್ಯಾನರ್ ಮತ್ತು ಗುಂಡು ಎಳೆಯುವ ಸ್ಕ್ರೂ. ಎರಡನೇ ಸಲ ರೇಂಜಿಗೆ ಹೋದ ದಿನ ಪಕ್ಕದವರ ಜೊತೆ ಮಾತಾಡುತ್ತಾ ಮದ್ದೇ ಹಾಕದೆ ಗುಂಡು ಜಡಿದುಬಿಟ್ಟೆ. ಕೇಪು ಟಪ್ ಅಂತು, ಅಷ್ಟೇ. ಮೂತಿ ಗುರಿ ಕಡೆಗೇ ಇಟ್ಟು ಒಂದು ನಿಮಿಷ ಕಾದೆ (ಇದು ನಿಯಮ, ತಡವಾಗಿ ಹೊತ್ತಿಕೊಳ್ಳುವುದೂ ಉಂಟು). ಆಮೇಲೂ ಇಲ್ಲ. ಪಕ್ಕದ ಬೆಂಚಿನ ಅಜ್ಜ ನಗುತ್ತಾ ಬಂದರು. ತಮ್ಮ ಸ್ಪ್ಯಾನರ್‌ನಿಂದ ನಿಪ್ಪಲ್ ಬಿಚ್ಚಿ, ಆ ತೂತಿನೊಳಗೆ ಕಡ್ಡಿಯಿಂದ ತಳ್ಳಿ ತಳ್ಳಿ ಒಂದು ಚಿಟಿಕೆ ಮದ್ದು ಸೇರಿಸಿ, ನಿಪ್ಪಲ್ ತಿರುಗಿಸಿ, ಗುಂಡು ಕೆಳಗೇ ಇದೆಯಾ ಅಂತ ಗಜದಿಂದ ಇನ್ನೊಮ್ಮೆ ಒತ್ತಿ ನೋಡು ಅಂದರು. ಕೇಪು ಇಟ್ಟು ಹೊಡೆದರೆ ಪುಸ್ ಅಂತ ಹೊರಗೆ ಹೋಗಿ ಬಿತ್ತು. ಇದು ಎಲ್ಲರಿಗೂ ಆಗುತ್ತದೆ, ನಿಮಗೂ ಆಗುತ್ತದೆ. ಸ್ಪ್ಯಾನರ್ ಚೀಲದಲ್ಲಿರಲಿ. ಜೊತೆಗೆ ನಿಪ್ಪಲ್ ತೂತು ಚುಚ್ಚಲು ಒಂದು ಸಣ್ಣ ತಂತಿಯೂ ಇರಲಿ.

ಕೇಪು ಸಾಮಾನ್ಯವಾಗಿ 11ನೇ ನಂಬರಿನದು. ನಿಪ್ಪಲ್ ಮೇಲೆ ಬೆರಳಲ್ಲಿ ಒತ್ತಿದರೆ ಬಿಗಿಯಾಗಿ ಕೂರಬೇಕು. ಸಡಿಲ ಆದರೂ ತೊಂದರೆ, ಹ್ಯಾಮರ್‌ನಿಂದ ಗುದ್ದಿ ಕೂರಿಸುವಷ್ಟು ಬಿಗಿ ಆದರೂ ತೊಂದರೆ. ಕೇಪಿನ ಚೂರು ಹಾರುತ್ತದೆ, ಕನ್ನಡಕ ಇಲ್ಲದೆ ಹೊಡೆಯಬೇಡಿ.

ತೊಳೆಯಲು ದುಬಾರಿ ದ್ರಾವಣ ಏನೂ ಬೇಡ. ನಮ್ಮ ಮಲೆನಾಡಿನ ಮನೆಯಲ್ಲಿ ಬೆಳೆ ಕಾಯಲು ಅಂತ ಪರವಾನಗಿಯ ಒಂದು ಕೇಪಿನ ಕೋವಿ ಇತ್ತು. ಅಜ್ಜ ಅದನ್ನು ಬಚ್ಚಲ ಹಂಡೆಯ ನೀರಲ್ಲೇ ತೊಳೆಯುತ್ತಿದ್ದರು. ಇಲ್ಲಿನವರು ಮಾಡುವುದೂ ಅದೇ, ನೀರು ಮತ್ತು ಸೋಪು. ಹಾಕನ್‌ನಲ್ಲಿ ಒಂದು ಅನುಕೂಲ, ಮುಂದಿನ ಬೆಣೆ ಹೊಡೆದು ತೆಗೆದರೆ ನಳಿಗೆ ಎದ್ದು ಬರುತ್ತದೆ. ನಿಪ್ಪಲ್ ಬಿಚ್ಚಿ, ಹಿಂದಿನ ತುದಿಯನ್ನು ಬಕೆಟ್‌ನ ಬೆಚ್ಚನೆ ನೀರಿನಲ್ಲಿಟ್ಟು, ಗಜಕ್ಕೆ ಬಟ್ಟೆ ಸಿಕ್ಕಿಸಿ ಮೇಲೆ ಕೆಳಗೆ ಆಡಿಸಿ. ಸೈಕಲ್ ಪಂಪಿನ ಹಾಗೆ ನೀರು ಎಳೆದು ಬಿಡುತ್ತದೆ. ಮೊದಲು ಇದ್ದಿಲ ನೀರು, ಅದರ ಜೊತೆ ಕೊಳೆತ ಮೊಟ್ಟೆಯ ವಾಸನೆ, ಆಮೇಲೆ ತಿಳಿ. ಒರೆಸಿ, ಒಣಗಿಸಿ, ಎಣ್ಣೆ ಕೈ ಆಡಿಸಿ. ಅದೇ ದಿನ ಮಾಡಿ, ನಾಳೆ ನೋಡೋಣ ಅಂದರೆ ಮಸಿ ಗಾಳಿಯ ತೇವ ಹೀರಿ ತುಕ್ಕು ಹಿಡಿಸುತ್ತದೆ. ಮತ್ತೆ ಹೊಡೆಯಲು ಹೋದಾಗ ತುಂಬುವ ಮುಂಚೆ ಆ ಎಣ್ಣೆಯನ್ನು ಒಣ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ, ಮೂತಿಯನ್ನು ನೆಲದ ಹುಲ್ಲಿನ ಹತ್ತಿರ ಹಿಡಿದು ಬರೀ ಕೇಪು ಒಂದು ಹೊಡೆಯಿರಿ. ಹುಲ್ಲು ಅಲ್ಲಾಡಿದರೆ ದಾರಿ ತೆರೆದಿದೆ ಅಂತ ಅರ್ಥ.

ಕೊಂಬು, ಚೀಲ, ಕೇಪು ಕೂರಿಸುವ ಹಿತ್ತಾಳೆ ಕ್ಯಾಪರ್ ಎಲ್ಲ ಆಮೇಲೆ. ನೀವು ಇಂಡಿಯಾನಾದಲ್ಲೇ ಇರೋದು ಅಲ್ವಾ, ಫ್ರೆಂಡ್‌ಶಿಪ್ ಅನ್ನೋ ಸಣ್ಣ ಊರಿಗೆ ಒಮ್ಮೆ ಹೋಗಿ ಬನ್ನಿ. 1933ರಲ್ಲಿ ಶುರುವಾದ ನ್ಯಾಷನಲ್ ಮಜಲ್ ಲೋಡಿಂಗ್ ರೈಫಲ್ ಅಸೋಸಿಯೇಷನ್‌ನ ಮೈದಾನ ಅಲ್ಲಿದೆ. ಜೂನ್ ಮತ್ತು ಸೆಪ್ಟೆಂಬರಿನ ಪಂದ್ಯದ ಹೊತ್ತಿಗೆ ನಮ್ಮ ಜಾತ್ರೆ ಅಂಗಡಿಗಳ ಹಾಗೆ ಸಾಲು ಹಾಕಿರುತ್ತಾರೆ. ಕೊಂಬನ್ನು ಕೈಯಲ್ಲಿ ಹಿಡಿದು ನೋಡಿ ತಗೋಬಹುದು.

ಸದ್ಯಕ್ಕೆ ನಳಿಗೆ ಮೇಲೆ ಕ್ಯಾಲಿಬರಿನ ಪಕ್ಕ ಏನು ಬರೆದಿದೆ, ನಿಪ್ಪಲ್‌ನ ತುದಿ ಹೇಗಿದೆ, ಎರಡರ ಫೋಟೋ ಹಾಕಿ. ಕೆಲವು ಕೋವಿಗೆ 11ರ ಬದಲು ದೊಡ್ಡ ಮಸ್ಕೆಟ್ ಕೇಪಿನ ನಿಪ್ಪಲ್ ಹಾಕಿರುತ್ತಾರೆ. ಅದು ಗೊತ್ತಾಗುವ ತನಕ ಕೇಪು ಮಾತ್ರ ಕೊಳ್ಳಬೇಡಿ.